ಫೋಟೊ ಬಿಳಿಯಾಗಿ ಬಂದ ಹಂಗಾಮು

ಹೋದ ವಾರ ಭಟ್ಕಳದಲ್ಲಿ ನೆಂಟರ ಮನೆಯ ಮದುವೆ. ಊಟ ಮುಗಿಸಿ ಕೈ ತೊಳೆದು ಬರುವಾಗ ಮದುಮಗಳ ಗೆಳತಿಯೊಬ್ಬಳು ನನ್ನ ಕೈಗೆ ಕ್ಯಾಮೆರಾ ಕೊಟ್ಟು, "ಆಂಟಿ, ನಮ್ದೊಂದು ತೆಗೀರಿ, ಈ ಗುಂಡಿ ಒತ್ತಿದ್ರೆ ಆತು" ಅಂದಳು. ನೀಲಿ ಬಣ್ಣದ್ದು, ಊಟದ ಡಬ್ಬಿಯಷ್ಟು ದಪ್ಪ, ಒತ್ತಿದ ಕೂಡಲೇ ಮೇಲಿಂದ ಫೋಟೊ ಹೊರಗೆ ಬರುತ್ತದಲ್ಲ, ಅಂಥದ್ದು. ನಾನು ಗುಂಡಿ ಒತ್ತುವ ಬದಲು ಅದನ್ನು ತಿರುಗಿಸಿ ಹಿಂದಿನ ಮುಚ್ಚಳದ ಕೊಂಡಿಗೆ ಹೆಬ್ಬೆರಳು ಇಟ್ಟುಬಿಟ್ಟಿದ್ದೆ. "ಅಯ್ಯೋ ಆಂಟಿ, ಅದು ತೆಗೀಬೇಡಿ!" ಅಂತ ಹುಡುಗಿ ಕೂಗಿದಾಗಲೇ ನನಗೆ ಎಚ್ಚರ. ಕಣ್ಣು ಸರಿ ಕಾಣೂದಿಲ್ಲ ಮಗಾ ಅಂತ ಸುಳ್ಳು ಹೇಳಿ, ಕ್ಯಾಮೆರಾ ವಾಪಸು ಕೊಟ್ಟು, ಪಾನಕದ ಕಡೆ ನಡೆದೆ. ಮೂರು ವರ್ಷ ಆದರೂ ಆ ಬೆರಳಿಗೆ ಬುದ್ಧಿ ಬಂದಿಲ್ಲ.

ನಾನು ಮಾದೇವಿ, ಹೊನ್ನಾವರದ ಹತ್ತಿರದ ಕಾಸರಕೋಡಿನವಳು. ಮೀನಿನ ವ್ಯಾಪಾರ ನನಗೆ ಅಮ್ಮನಿಂದ ಬಂದದ್ದು, ಸಂಶಯವೂ ಅವಳಿಂದಲೇ ಬಂದದ್ದು. ಬಂದರಿನ ಧಕ್ಕೆಯಲ್ಲಿ ದೋಣಿ ಬಂದು ನಿಂತಾಗ ಅಮ್ಮ ಬುಟ್ಟಿಯ ಮೇಲೆ ಹರಡಿದ ಬಂಗಡೆಯನ್ನು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಸೀದಾ ಕೈ ಅಡಿಗೆ. "ಮೇಲಿನ ಮೀನು ಮಾರೂವವಂದು, ಅಡಿಯ ಮೀನು ನಿಂದು. ಅಡಿ ನೋಡದೆ ಬುಟ್ಟಿ ಎತ್ತಬೇಡ" ಅನ್ನುತ್ತಿದ್ದಳು. ತಕ್ಕಡಿಯನ್ನೂ ನಂಬುತ್ತಿರಲಿಲ್ಲ. ಬುಟ್ಟಿ ಒಮ್ಮೆ ಕೈಯಲ್ಲಿ ಎತ್ತಿ ಇಳಿಸಿ ತೂಕ ಹೇಳಿಬಿಡುತ್ತಿದ್ದಳು. ಮೂವತ್ತು ವರ್ಷ ನಾನೂ ಹಾಗೇ ಬದುಕಿದವಳು, ಹಾಗೆ ಬದುಕಿ ಒಂದು ದಿನವೂ ಮೋಸ ಹೋದವಳಲ್ಲ. ಅದೇ ನನ್ನ ತಲೆಗೆ ಏರಿತ್ತು.

ಆ ವರ್ಷ ಮಳೆ ಕಳೆದ ಮೇಲೆ ನಮ್ಮೂರಿಗೆ ಜನ ಬರುವುದು ಒಮ್ಮೆಲೇ ಜೋರಾಯಿತು. ಶರಾವತಿ ಸಮುದ್ರ ಸೇರುವಲ್ಲಿ, ಉಪ್ಪುನೀರಲ್ಲೇ ಬೆಳೆಯುವ ಕಾಂಡ್ಲಾ ಕಾಡಿನ ಮಧ್ಯ ಹಲಗೆಯ ದಾರಿ ಇದೆಯಲ್ಲ, ಅದನ್ನು ನೋಡಲಿಕ್ಕೆ, ದೋಣಿಯಲ್ಲಿ ಒಂದು ಸುತ್ತು ಹೋಗಲಿಕ್ಕೆ ವಾರದ ಕೊನೆಗೆ ಕಾರು, ಟೆಂಪೊ ಸಾಲು. ನಾನು ದೋಣಿ ಹತ್ತುವ ಕಟ್ಟೆಯ ಹತ್ತಿರ ಎಳನೀರು, ಕೋಕಂ ಪಾನಕ, ಒಣ ಸೆಟ್ಲಿ ಸೀಗಡಿಯ ಪೊಟ್ಟಣ ಇಟ್ಟುಕೊಂಡು ಕೂತೆ. ಕ್ಯಾಮೆರಾ ನನ್ನ ಅಣ್ಣನ ಮಗಳದ್ದು. ಅವಳ ಮದುವೆಯಲ್ಲಿ ಬಂದವರ ಫೋಟೊ ತೆಗೆದು ಪುಸ್ತಕಕ್ಕೆ ಅಂಟಿಸಿದ್ದು ಬಿಟ್ಟರೆ ಆಮೇಲೆ ಅದು ಕಪಾಟಿನ ಮೇಲೆ ಧೂಳು ತಿನ್ನುತ್ತಿತ್ತು. "ಅತ್ತೆ, ಎಲ್ಲರ ಹತ್ರನೂ ಮೊಬೈಲಿದೆ, ಆದ್ರೆ ಕೈಯಲ್ಲಿ ಹಿಡಿಯೋ ಫೋಟೊ ಯಾರ ಹತ್ರ ಇದೆ? ನೋಡು, ಓಡ್ತದೆ" ಅಂತ ತಂದುಕೊಟ್ಟಳು. ಫಿಲ್ಮು ಹತ್ತು ಹತ್ತರ ಪ್ಯಾಕಿನಲ್ಲಿ ಬರುತ್ತದೆ, ಎಷ್ಟು ಉಳಿದಿದೆ ಅಂತ ಹಿಂದಿನ ಕಿಂಡಿಯಲ್ಲಿ ಅಂಕಿ ಕಾಣುತ್ತದೆ, ಪ್ಯಾಕು ಪೂರಾ ಮುಗಿಯುವ ತನಕ ಹಿಂದಿನ ಮುಚ್ಚಳ ತೆಗೆಯಬಾರದು, ಎಲ್ಲ ಹೇಳಿಕೊಟ್ಟಿದ್ದಳು. ಹೌದು, ಹೇಳಿದ್ದಳು. ಈಗ ಸುಳ್ಳು ಯಾಕೆ ಹೇಳಲಿ?

ಫೋಟೊ ತೆಗೆಯಲು ಯಶೋದೆಯನ್ನು ಕರೆದದ್ದು ನಾನೇ. ನಮ್ಮ ಕೇರಿಯವಳೇ. ಒಂದನೇ ಕ್ಲಾಸಿನಿಂದ ಹತ್ತರವರೆಗೆ ಒಂದೇ ಬೆಂಚು. ಅವಳ ಗಂಡನ ಬಲಗೈ ಬೋಟಿನ ಬಲೆ ಎಳೆಯುವ ಯಂತ್ರಕ್ಕೆ ಸಿಕ್ಕಿ ಅವನು ಸಮುದ್ರಕ್ಕೆ ಹೋಗುವುದು ನಿಂತಿತ್ತು, ಮನೆ ಇವಳ ಮೇಲೇ ನಡೆಯುತ್ತಿತ್ತು. ಮಾತಿನಲ್ಲಿ ಅವಳನ್ನು ಮೀರಿಸುವವರಿಲ್ಲ. ಮುಖ ಗಂಟು ಹಾಕಿಕೊಂಡು ದೋಣಿ ಇಳಿದ ಗಂಡಹೆಂಡಿರನ್ನು ಸಹ ಭುಜಕ್ಕೆ ಭುಜ ತಾಗಿಸಿ ನಿಲ್ಲಿಸಿ ನಗಿಸುತ್ತಿದ್ದಳು. "ಯಜಮಾನ್ರೆ, ಅವ್ರು ಕಚ್ಚೂದಿಲ್ಲ, ಚೂರು ಹತ್ರ ಬನ್ನಿ!" ಫೋಟೊ ಬಿಳಿಯಿಂದ ನಿಧಾನ ಬಣ್ಣಕ್ಕೆ ತಿರುಗುವಾಗ ಬಂದವರಿಗಿಂತ ಇವಳಿಗೇ ಹೆಚ್ಚು ಖುಷಿ. ಮೊದಲ ತಿಂಗಳು ಎಲ್ಲ ಚಂದ ನಡೆಯಿತು.

ಆಮೇಲೆ ಫೋಟೊ ಕೆಡಲು ಶುರುವಾಯಿತು. ಒಂದು ದಿನ ಎಲ್ಲ ಫೋಟೊದಲ್ಲೂ ಸಣ್ಣ ಸಣ್ಣ ಚುಕ್ಕಿ, ಅಳೆದು ಇಟ್ಟ ಹಾಗೆ ಒಂದೇ ಅಂತರದಲ್ಲಿ. ಇನ್ನೊಂದು ದಿನ ಹಿಂದಿನ ನೀರು ಫಳಫಳ, ಮುಂದೆ ನಿಂತವರ ಮುಖ ಮಾತ್ರ ಮಸಿ. ಬೆಳಗಿನ ಫೋಟೊಗಳಿಗೆ ನೀಲಿ ಛಾಯೆ, ನೆಗಡಿ ಆದವರ ಹಾಗೆ ಮುಖ. ಬೇರೆಯವರಾಗಿದ್ದರೆ ಯಂತ್ರಕ್ಕೆ ಏನಾಯಿತು ಅಂತ ಕೇಳುತ್ತಿದ್ದರು. ನನಗೆ ಬಂದ ಮೊದಲ ಯೋಚನೆ, ಇವಳು ಎಂತ ಮಾಡ್ತಾ ಇದ್ದಾಳೆ? ಚುಕ್ಕಿ ಕಂಡರೆ, ಇವಳು ಮೀನು ಹೆಚ್ಚಿದ ಕೈ ತೊಳೆಯದೆ ಬಂದಿದ್ದಾಳೆ. ಮುಖ ಕಪ್ಪಾದರೆ, ಇವಳ ಗಮನ ದೋಣಿಯವರ ಜೊತೆ ಹರಟುವುದರಲ್ಲಿ. ನೀಲಿಯಾದರೆ, ಒಳ್ಳೆಯ ಪ್ಯಾಕು ಯಾರಿಗೋ ದಾಟಿಸಿ ಹಳೆಯದು ತುಂಬಿಸಿದ್ದಾಳೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅಂತಾರಲ್ಲ, ನನ್ನ ಕಣ್ಣು ಹಾಗಾಗಿತ್ತು. ಸೆಕೆಗೆ ಫಿಲ್ಮು ಹಾಳಾಗಬಾರದು ಅಂತ ನಾನೇ ಪ್ಯಾಕುಗಳನ್ನು ಮೀನಿನ ಬರ್ಫಿನ, ಅಂದರೆ ಐಸಿನ ಡಬ್ಬಿಯಲ್ಲಿ ಇಡುತ್ತಿದ್ದೆ, ಬೆಳಿಗ್ಗೆ ತಣ್ಣಗಿದ್ದ ಹಾಗೇ ಕ್ಯಾಮೆರಾಕ್ಕೆ ತುಂಬುತ್ತಿದ್ದೆ. ಅದು ಮಾತ್ರ ನನಗೆ ನೆನಪೇ ಆಗಲಿಲ್ಲ.

ಬಾಯಿ ಸುಮ್ಮನಿರಲಿಲ್ಲ. "ಅದು ಫೋಟೊ ಆಯ್ತಾ? ನೋಡಿ ಒತ್ತೂಕೆ ಆಗೂದಿಲ್ವಾ?" ಅಂತ ಒಂದೊಂದಕ್ಕೂ ಒಂದೊಂದು ಕುಟುಕು. ಯಶೋದೆ ಮೊದಮೊದಲು ನಗುತ್ತಿದ್ದಳು. ಆಮೇಲೆ ನಗು ಬಿಟ್ಟಳು. ಒಂದು ದಿನ ಎಳನೀರು ಕೆತ್ತುತ್ತಾ ಓರೆಗಣ್ಣಲ್ಲಿ ನೋಡಿದೆ. ಅವಳು ಆಗಷ್ಟೇ ಬಣ್ಣ ಮೂಡಿದ ಫೋಟೊ ಒಂದನ್ನು ಬಂದವರಿಗೆ ಕೊಡದೆ, ನನ್ನ ಕಡೆ ಒಮ್ಮೆ ನೋಡಿ, ಸರಕ್ಕನೆ ಚೀಲಕ್ಕೆ ತುರುಕಿದಳು. ಮತ್ತೊಂದು ತೆಗೆದು ಅವರಿಗೆ ಕೊಟ್ಟಳು.

ಅಬ್ಬಾ, ಸಿಕ್ಕಿಬಿದ್ದಳು ಅಂದುಕೊಂಡೆ. ಹೊಟ್ಟೆಯೊಳಗೆ ಒಂಥರಾ ಸಮಾಧಾನವೂ ಆಯಿತು. ಸಂಶಯದವರಿಗೆ ಹಾಗೇ, ಮೋಸ ಸಿಕ್ಕಿದರೆ ದುಃಖಕ್ಕಿಂತ ಮೊದಲು ಖುಷಿ. ಅವಳಿಗೆ ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಕೇಳಿದರೆ ಕಳ್ಳರು ಎಚ್ಚರಾಗುತ್ತಾರೆ ಅನ್ನುವುದು ಧಕ್ಕೆಯ ಪಾಠ.

ಸಂಜೆ ಕ್ಯಾಮೆರಾ ನನ್ನ ಮನೆಗೆ ಬರುತ್ತಿತ್ತು. ದೇವರಿಗೆ ದೀಪ ಹಚ್ಚಿ ಬಂದು ಅದನ್ನು ಮಡಿಲಲ್ಲಿ ಇಟ್ಟುಕೊಂಡೆ. ಕಿಂಡಿಯಲ್ಲಿ ಆರು ಅಂತ ಕಾಣುತ್ತಿತ್ತು. ಕಿಂಡಿಯ ಅಂಕಿ ಅಂದರೆ ಬುಟ್ಟಿಯ ಮೇಲಿನ ಮೀನು, ಅದನ್ನು ನಂಬುತ್ತಾರಾ? ಅಡಿ ನೋಡಬೇಕಲ್ಲ. ಅಣ್ಣನ ಮಗಳು ಹೇಳಿದ್ದು ನೆನಪಿತ್ತು, ಆದರೆ ಅದು ಹೊರಗಿನ ಬಿಸಿಲಿಗೆ ಹೇಳಿದ ಮಾತು, ಮನೆಯೊಳಗೆ ಬಿಸಿಲೆಲ್ಲಿದೆ, ಒಂದು ಬಲ್ಬು ಎಂತ ಮಾಡುತ್ತದೆ ಅಂತ ನಾನೇ ತೀರ್ಪು ಕೊಟ್ಟುಕೊಂಡೆ. ಕೊಂಡಿ ಸರಿಸಿ ಮುಚ್ಚಳ ತೆಗೆದೆ. ಪ್ಯಾಕನ್ನು ಹೊರಗೆತ್ತಿ ಅಂಗೈಯಲ್ಲಿಟ್ಟು ತೂಗಿದೆ. ಆರರ ತೂಕ ಇರಬಹುದು ಅನ್ನಿಸಿತು, ಇಲ್ಲದಿರಲೂಬಹುದು. ಮತ್ತೆ ಒಳಗಿಟ್ಟು ಮುಚ್ಚಿ, ಬಟ್ಟೆ ಸುತ್ತಿ ಇಟ್ಟೆ. ಅಂದಿನಿಂದ ಅದು ದಿನದ ಕೆಲಸವಾಯಿತು.

ಮರುದಿನದಿಂದಲೇ ಬೆಳಗಿನ ಮೊದಲ ಫೋಟೊ ಬೆಳ್ಳಗೆ ಬರತೊಡಗಿತು. ಗೋಡೆಗೆ ಸುಣ್ಣ ಹೊಡೆದ ಹಾಗೆ, ಎಷ್ಟು ಹೊತ್ತು ಕಾದರೂ ಏನೂ ಮೂಡುವುದಿಲ್ಲ. ಎರಡನೆಯದರಲ್ಲಿ ಅಂಚೆಲ್ಲ ಬಿಳಿ, ಮಧ್ಯ ಸ್ವಲ್ಪ ಮುಖ. ಅದಕ್ಕಿಂತ ವಿಚಿತ್ರ ಅಂದರೆ ಅಂಕಿ. ಹಿಂದಿನ ಸಂಜೆ ಆರು ಅಂತ ನಾನೇ ನೋಡಿದ್ದು, ಅವಳು ಒಂದು ಒತ್ತಿದ ಮೇಲೆ ಕಿಂಡಿಯಲ್ಲಿ ಹತ್ತು! ಮಧ್ಯಾಹ್ನದೊಳಗೆ ಕ್ಯಾಮೆರಾ ಖಾಲಿ, ಕಿಂಡಿಯಲ್ಲಿ ಇನ್ನೂ ಐದು ಉಳಿದಿದೆ ಅಂತಿದೆ. ಆ ಐದು ಎಲ್ಲಿ ಹೋಯಿತು?

"ಮಾದೇವಿ, ಇದ್ಕೆ ಎಂತೋ ಆಗಿದೆ. ತೋರ್ಸ್ವ" ಅಂತ ಯಶೋದೆಯೇ ಎರಡು ಮೂರು ಸಲ ಅಂದಳು.

"ತೋರ್ಸ್ವ, ತೋರ್ಸ್ವ" ಅಂದೆ. ಕದ್ದವರೇ ಮೊದಲು ಕೂಗುವುದು ಅಂತ ಮನಸ್ಸಿನಲ್ಲಿ.

ಹಾಗೇ ಶಿವರಾತ್ರಿ ಕಳೆಯಿತು, ಬಿಸಿಲು ಏರಿತು. ಒಂದು ಭಾನುವಾರ ಭಟ್ಕಳದ ಕಡೆಯ ತಾಯಿ ಮಗಳು ಬಂದರು. ಮಗಳು ಎರಡು ದಿನದಲ್ಲಿ ಗಂಡನ ಹತ್ತಿರ ದುಬೈಗೆ ಹೊರಟವಳು. ತಾಯಿಗೆ ಕೈಯಲ್ಲಿ ಹಿಡಿಯುವ ಫೋಟೊವೇ ಬೇಕು, ಮೊಬೈಲಿನದ್ದು ಬೇಡವಂತೆ. "ನಂಗೆ ಮೊಬೈಲು ತೆಗೆದು ನೋಡ್ಲಿಕ್ಕೆ ಬರೂದಿಲ್ಲಮ್ಮ, ಇದಾದ್ರೆ ದಿಂಬಿನ ಕೆಳಗೆ ಇಟ್ಕೊಳ್ತೇನೆ" ಅಂದರು. ಯಶೋದೆ ಇಬ್ಬರನ್ನೂ ಹಲಗೆಯ ಮೇಲೆ ನಿಲ್ಲಿಸಿ ಒತ್ತಿದಳು. ಬಿಳಿ. ಮತ್ತೊಮ್ಮೆ ಒತ್ತಿದಳು. ಅಂಚು ಬಿಳಿ, ತಾಯಿ ಇದ್ದ ಕಡೆ ಪೂರ್ತಿ ಅಳಿಸಿಹೋಗಿ ಮಗಳ ಅರ್ಧ ಮುಖ ಮಾತ್ರ. ಮೂರನೆಯ ಸಲ ಒತ್ತಿದರೆ ಕ್ಯಾಮೆರಾ ಗುರ್ ಅಂದಿತು, ಏನೂ ಬರಲಿಲ್ಲ. ಕಿಂಡಿಯಲ್ಲಿ ಒಂಬತ್ತು ಇನ್ನೂ ಇದೆ. ಅಂದು ನನ್ನ ಹತ್ತಿರ ಬೇರೆ ಪ್ಯಾಕೂ ಇರಲಿಲ್ಲ. ತಾಯಿ "ಪರವಾಗಿಲ್ಲ ಬಿಡಿ" ಅಂದು ಆ ಅರ್ಧ ಮುಖದ ಫೋಟೊವನ್ನೇ ಪರ್ಸಿನಲ್ಲಿ ಇಟ್ಟುಕೊಂಡು ಹೋದರು. ಅವರ ಮುಖ ನೋಡಿ ನನ್ನ ಹೊಟ್ಟೆ ಉರಿದುಹೋಯಿತು. ಆ ಉರಿಯನ್ನೆಲ್ಲ ತಂದು ಯಶೋದೆಯ ಮೇಲೆ ಸುರಿದೆ.

"ಒಂಬತ್ತು ಎಲ್ಲಿ ಹೋಯ್ತೇ?"

"ಯಾವ ಒಂಬತ್ತು?"

"ಕಿಂಡಿ ಹೇಳ್ತಾ ಇದ್ಯಲ್ಲ, ಆ ಒಂಬತ್ತು. ಚೀಲ ತೋರ್ಸು."

ದೋಣಿಯವರು ನಾಲ್ಕೈದು ಜನ ಅಲ್ಲೇ ಇದ್ದರು. ಅವಳು ಚೀಲ ತೋಳಿಗೆ ಒತ್ತಿಕೊಂಡಳು. ನಾನು ಕಿತ್ತುಕೊಂಡು ಹಲಗೆಯ ಮೇಲೆ ಕೊಡವಿದೆ. ಅವಳ ಗಂಡನ ಮಾತ್ರೆಯ ಚೀಟಿ ಬಿತ್ತು, ಬಾಚಣಿಗೆ ಬಿತ್ತು, ಆಮೇಲೆ ರಬ್ಬರ್ ಬ್ಯಾಂಡ್ ಹಾಕಿದ ಫೋಟೊಗಳ ಕಟ್ಟು. ಬಿಡಿಸಿ ನೋಡಿದೆ. ಚುಕ್ಕಿ ಬಿದ್ದದ್ದು, ಮುಖ ಕಪ್ಪಾದದ್ದು, ನೀಲಿಯಾದದ್ದು, ಬಿಳಿಯಾದದ್ದು. ಒಂದೂ ಒಳ್ಳೆಯದಿಲ್ಲ. ಎಲ್ಲ ಕೆಟ್ಟವು.

"ನೀ ಬಯ್ತಿ ಅಂತ ಅಡಗಿಸಿಟ್ಟೆ" ಅಂದಳು. "ಬಿಸಾಡೂಕೆ ಮನಸು ಬರ್ಲಿಲ್ಲ."

ಅಲ್ಲಿಗೆ ನನಗೆ ನಾಚಿಕೆ ಆಗಬೇಕಿತ್ತು. ನನ್ನ ಬಾಯಿ ಏನು ಅಂದಿತು ಗೊತ್ತಾ? "ಕೆಟ್ಟದ್ದನ್ನ ಅಡಗಿಸಿದವಳು ಒಳ್ಳೇದನ್ನ ಅಡಗಿಸೂದಿಲ್ಲ ಅಂತ ಹೆಂಗೆ ನಂಬೂದು?" ದೋಣಿಯವರಲ್ಲಿ ಒಬ್ಬ ಫಕ್ಕನೆ ನಕ್ಕ. ಯಶೋದೆ ಬಗ್ಗಿ ಮಾತ್ರೆಯ ಚೀಟಿ, ಬಾಚಣಿಗೆ ಹೆಕ್ಕಿ ಚೀಲಕ್ಕೆ ಹಾಕಿಕೊಂಡಳು. "ನಾಳೆ ಕುಮಟೆಗೆ ಹೋಗ್ವ. ತಿಳಿದವ್ರು ಹೇಳ್ಲಿ" ಅಂದಳು.

ಕುಮಟೆಯ ಪೇಟೆಯಲ್ಲಿ ಶಾನಭಾಗರದ್ದೊಂದು ಹಳೆಯ ಸ್ಟುಡಿಯೊ. ರೋಲಿನ ಕಾಲದಿಂದ ಕ್ಯಾಮೆರಾ ಬಿಚ್ಚಿ ಕೂಡಿಸಿದ ಕೈ. ಕನ್ನಡಕ ಹಣೆಗೆ ಏರಿಸಿ, ಯಶೋದೆಯ ಕಟ್ಟಿನ ಫೋಟೊಗಳನ್ನು ಗಾಜಿನ ಮೇಜಿನ ಮೇಲೆ ಇಸ್ಪೀಟಿನ ಎಲೆಯ ಹಾಗೆ ಸಾಲಾಗಿ ಇಟ್ಟರು. ನಾವಿಬ್ಬರೂ ಎರಡು ಸ್ಟೂಲಿನ ಮೇಲೆ ಮಧ್ಯ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತಿದ್ದೆವು.

"ಇವನ್ನ ಇಟ್ಕೊಂಡದ್ದು ಯಾರು?"

"ನಾನು" ಅಂದಳು ಯಶೋದೆ.

"ಶಾಣ್ಯಾ ಇದ್ದಿ ತಂಗಿ. ರೋಗಿ ಇಲ್ದೆ ಮದ್ದು ಹೇಳೂಕಾಗ್ತದಾ?" ಅಂದರು. ಚುಕ್ಕಿಯ ಫೋಟೊ ಎತ್ತಿದರು. "ಇದು ರೋಲರು. ಫೋಟೊ ಹೊರಗೆ ಬರುವಾಗ ಎರಡು ಉರುಳೆ ಮಧ್ಯ ಹಿಂಡ್ಕೊಂಡು ಬರ್ತದೆ. ಉರುಳೆ ಮೇಲೆ ಉಪ್ಪಿನ ಹರಳು ಕೂತ್ರೆ ಪ್ರತಿ ಸುತ್ತಿಗೂ ಒಂದು ಚುಕ್ಕಿ. ಅದ್ಕೇ ಒಂದೇ ಅಂತರ. ಪ್ಯಾಕು ಮುಗಿದ ಮೇಲೆ ಒದ್ದೆ ಬಟ್ಟೆಲಿ ಒರೆಸಿ ಒಣಗಿಸಿ." ಕಪ್ಪು ಮುಖದ್ದನ್ನು ಎತ್ತಿದರು. "ಇದು ಬೆಳಕು. ನೀರು ಹೊಳೀತದೆ, ಕ್ಯಾಮೆರಾ ಬೆಳಕು ಹೆಚ್ಚಾಯ್ತು ಅಂದ್ಕೊಳ್ತದೆ. ನೀರಿಗೆ ಬೆನ್ನು ಹಾಕಿ ನಿಲ್ಲಿಸ್ಬೇಡಿ." ನೀಲಿಯದ್ದು ನೋಡಿ, "ಫಿಲ್ಮು ಎಲ್ಲಿ ಇಡ್ತೀರಿ?" ಅಂದರು.

"ಬರ್ಫಿನ ಡಬ್ಬಿಲಿ" ಅಂದೆ.

"ಬಂಗಡೆ ಜೊತೆನಾ!" ಅಂತ ನಕ್ಕರು. "ತಂಪು ಬೇಕು ಹೌದು, ಆದ್ರೆ ತುಂಬೂಕೆ ಮೊದಲು ಹೊರಗೆ ತೆಗೆದಿಟ್ಟು ತಣುಪು ಬಿಡಿಸ್ಬೇಕು."

ಒಂದೊಂದು ಫೋಟೊಕ್ಕೂ ಯಶೋದೆಯ ಭುಜ ಸ್ವಲ್ಪ ಸ್ವಲ್ಪ ಮೇಲೆ ಬಂತು. ನಾನು ಸೀರೆಯ ಸೆರಗು ಬೆರಳಿಗೆ ಸುತ್ತುತ್ತಾ ಕೂತಿದ್ದೆ. ಕೊನೆಗೆ ಬಿಳಿಯದ್ದೊಂದು, ಅಂಚು ಬಿಳಿಯಾದದ್ದೊಂದು ಪಕ್ಕಪಕ್ಕ ಇಟ್ಟರು.

"ಅಂಕಿ ಹತ್ತಕ್ಕೆ ವಾಪಸು ಹೋಗ್ತದಾ?"

"ಹೌದು, ದಿನಾ ಬೆಳಿಗ್ಗೆ" ಅಂದಳು ಯಶೋದೆ.

"ಹಂಗಾದ್ರೆ ಕ್ಯಾಮೆರಾಕ್ಕೆ ಏನೂ ಆಗ್ಲಿಲ್ಲ. ಪ್ಯಾಕು ಅರ್ಧದಲ್ಲಿ ಇರುವಾಗ ಯಾರೋ ಹಿಂದಿನ ಮುಚ್ಚಳ ತೆಗೀತಾ ಇದ್ದಾರೆ. ತೆಗೆದ್ರೆ ಮೇಲಿನ ಫಿಲ್ಮಿಗೆ ಬೆಳಕು ಹೊಡೀತದೆ, ಕೆಳಗಿನದಕ್ಕೆ ಅಂಚಲ್ಲಿ. ಮುಚ್ಚಿದಾಗ ಹೊಸ ಪ್ಯಾಕು ಹಾಕಿದ್ರು ಅಂತ ಅದು ಮೊದಲಿಂದ ಎಣಿಸ್ತದೆ. ಉಳಿದದ್ದು ಎಲ್ಲೂ ಹೋಗ್ಲಿಲ್ಲ. ಅದು ಇರ್ಲೇ ಇಲ್ಲ." ಕನ್ನಡಕ ಇಳಿಸಿ ನಮ್ಮಿಬ್ಬರನ್ನೂ ನೋಡಿದರು. "ಮುಚ್ಚಳ ತೆಗಿಯೂದು ಯಾರು?"

ಕದಿಯುತ್ತಾಳೆ ಅಂತ ದಿನಾ ತೂಗಿ ನೋಡಿದ್ದು, ತೂಗಿದ್ದಕ್ಕೇ ಅದು ಕಡಿಮೆಯಾದದ್ದು. "ನಾನು" ಅಂತ ಎರಡೇ ಅಕ್ಷರ ಅಂದಿದ್ದರೆ ಸಾಕಿತ್ತು. ಶಾನಭಾಗರು ಇನ್ನೊಮ್ಮೆ ನಗುತ್ತಿದ್ದರು, ಯಶೋದೆ ನಾಲ್ಕು ಬಯ್ಯುತ್ತಿದ್ದಳು, ದಾರಿಯಲ್ಲಿ ಅವಳಿಗೊಂದು ಚಾ ಕುಡಿಸಿ ಕಾಲು ಹಿಡಿದಿದ್ದರೆ ಮುಗಿಯುತ್ತಿತ್ತು. ಆದರೆ ದೋಣಿಯವರ ಎದುರು ಚೀಲ ಕೊಡವಿದ್ದೆನಲ್ಲ. ಈಗ ನಾನೇ ಅಂದರೆ ನಾಳೆ ಆ ಕಟ್ಟೆಯ ಮೇಲೆ ಯಾವ ಮುಖ ಹೊತ್ತು ಕೂರುವುದು?

"ಕ್ಯಾಮೆರಾ ಹಿಡಿಯೂದು ಇವಳು" ಅಂದೆ.

ಅದು ಸುಳ್ಳಲ್ಲ ಅಂತ ಆಮೇಲೆ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಯಶೋದೆ ನನ್ನ ಮುಖವನ್ನು ಒಮ್ಮೆ ನೋಡಿದಳು, ಮೇಜಿನ ಮೇಲಿನ ಫೋಟೊಗಳನ್ನು ಕೂಡಿಸಿ ರಬ್ಬರ್ ಬ್ಯಾಂಡ್ ಹಾಕಿದಳು. ಶಾನಭಾಗರು "ಇನ್ನು ತೆಗೀಬೇಡ ತಂಗಿ" ಅಂತ ಅವಳಿಗೆ ಮೆತ್ತಗೆ ಹೇಳಿ, ರೋಲರು ಒರೆಸಿಕೊಟ್ಟರು. ಬಸ್ಸಿನಲ್ಲಿ ಅವಳು ಕಿಟಕಿ ಕಡೆ ಕೂತಳು. ಕಾಸರಕೋಡಿನಲ್ಲಿ ಇಳಿದು ತನ್ನ ಮನೆ ಕಡೆ ತಿರುಗಿದಳು. ಮರುದಿನ ಬರಲಿಲ್ಲ, ಆ ವಾರ ಬರಲಿಲ್ಲ. ದೋಣಿಯವರು ಕೇಳಿದಾಗ, "ಮುಚ್ಚಳ ತೆಗೆದು ಹಾಳು ಮಾಡ್ತಿದ್ಲಂತೆ, ಕುಮಟೆಯವ್ರು ಹೇಳಿದ್ರು" ಅಂತ ನಾನೇ ಅಂದೆ. ಈ ಸಲ ಅಪ್ಪಟ ಸುಳ್ಳು.

ನಾನೇ ಫೋಟೊ ತೆಗೆದೆ. ಒಂದೂ ಬಿಳಿಯಾಗಲಿಲ್ಲ. ಅಂಕಿ ಸರಿಯಾಗಿ ಇಳಿಯಿತು, ಹತ್ತು ಅಂದರೆ ಹತ್ತು. "ನೋಡಿ, ಯಶೋದೆ ಹೋದ ಮೇಲೆ ಕ್ಯಾಮೆರಾ ಸರಿಯಾಯ್ತು" ಅಂತ ಜನ ಆಡಿಕೊಂಡರು. ಸರಿಯಾದ ಒಂದೊಂದು ಫೋಟೊವೂ ಅವಳ ಮೇಲೆ ಹೇಳಿದ ಸಾಕ್ಷಿಯ ಹಾಗೆ ಆಯಿತು. ಫೋಟೊ ತೆಗೆಯುವುದೇ ನನಗೆ ಬೇಡವಾಯಿತು.

ಮೇ ತಿಂಗಳಲ್ಲಿ ಅಪ್ಸರಕೊಂಡದ ಕಡೆ ಹೋಮ್‌ಸ್ಟೇ ನಡೆಸುವ ಹೆಂಗಸೊಬ್ಬರು ನನ್ನ ಅಂಗಡಿಗೆ ಬಂದರು. ಅಡಿಗೆಗೆ, ಬಂದವರನ್ನು ನೋಡಿಕೊಳ್ಳಲಿಕ್ಕೆ ಒಬ್ಬಳು ಬೇಕಿತ್ತು, ವರ್ಷವಿಡೀ ಕೆಲಸ. "ಯಶೋದೆ ಅಂತ ಹೆಸರು ಹೇಳಿದ್ರು. ನಿಮ್ಮ ಜೊತೆ ಇದ್ಲಂತಲ್ಲ, ಹೇಗೆ?" ಅಂತ ಕೇಳಿದರು.

"ಕೆಲಸಕ್ಕೆ ಏನೂ ತೊಂದ್ರೆ ಇಲ್ಲ" ಅಂದೆ. ಅಂದು, ಸ್ವಲ್ಪ ತಡೆದೆ. ಮುಂದೆ ಒಳ್ಳೆಯ ಮಾತು ಹೇಳಬೇಕು ಅಂತಲೇ ತಡೆದದ್ದು, ದೇವರಾಣೆ. ಆದರೆ ಅವರಿಗೆ ಆ ತಡೆದದ್ದೇ ಸಾಕಾಯಿತು. "ಗೊತ್ತಾಯ್ತು ಬಿಡಿ" ಅಂದು ಎಳನೀರು ಕುಡಿದು ಹೋದರು. ಕೆಲಸ ಬೇರೆಯವರಿಗೆ ಹೋಯಿತು. ಯಶೋದೆ ಮೀನು ಒಣಗಿಸುವ ಬಯಲಲ್ಲಿ ದಿನಗೂಲಿಗೆ ಸೇರಿದಳು ಅಂತ ಮಳೆಗಾಲದ ಹೊತ್ತಿಗೆ ಕೇಳಿದೆ.

ಮಳೆ ಮುಗಿದು ಬೋಟುಗಳು ಮತ್ತೆ ಸಮುದ್ರಕ್ಕೆ ಇಳಿದ ಮೇಲೆ, ಒಂದು ಬೆಳಿಗ್ಗೆ ಇನ್ನು ತಡೆಯಲಾಗದೆ ಬಯಲಿಗೆ ಹೋದೆ. ಏಳೆಂಟು ಹೆಂಗಸರು ಚಾಪೆಯ ಮೇಲೆ ತಾರ್ಲೆ ಮೀನು ಹರಡುತ್ತಿದ್ದರು. ಯಶೋದೆ ತಲೆಗೆ ಟವೆಲ್ ಕಟ್ಟಿಕೊಂಡು ಬಗ್ಗಿದ್ದಳು. ಗುಟ್ಟಲ್ಲಿ ಹೇಳಿದರೆ ಉಪಯೋಗ ಇಲ್ಲ, ಅವಳ ಹೆಸರು ನಾನು ಕೆಡಿಸಿದ್ದು ನಾಲ್ಕು ಜನರ ಎದುರೇ. ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. "ಕ್ಯಾಮೆರಾದ ಮುಚ್ಚಳ ತೆಗೀತಿದ್ದದ್ದು ನಾನು. ದಿನಾ ಸಂಜೆ ನಮ್ಮನೇಲಿ. ಇವಳು ಒಂದು ದಿನನೂ ತೆಗೀಲಿಲ್ಲ, ಒಂದು ಫಿಲ್ಮೂ ಮುಟ್ಲಿಲ್ಲ. ಎಲ್ಲಾ ನಂದೇ ತಪ್ಪು."

ಹೆಂಗಸರು ಕೈ ನಿಲ್ಲಿಸಿದರು. ಯಶೋದೆ ನೆಟ್ಟಗಾದಳು.

"ನಂಗೆ ಗೊತ್ತಿತ್ತಲ್ಲ" ಅಂದಳು. "ಇಬ್ರಲ್ಲಿ ಒಬ್ಳು ತೆಗೀಬೇಕು. ನಾ ತೆಗೀಲಿಲ್ಲ. ಮತ್ಯಾರು? ಬಸ್ಸಲ್ಲಿ ಈಗ ಹೇಳ್ತಿ, ಈಗ ಹೇಳ್ತಿ ಅಂತ ಕಾದೆ. ಹೊನ್ನಾವರ ಬಂತು, ಸೇತುವೆ ಬಂತು. ನೀ ಹೇಳ್ಲಿಲ್ಲ."

ನಾನು ಅತ್ತೆ. ಅವಳು ಅಳಲಿಲ್ಲ.

"ದೋಣಿಯವ್ರಿಗೂ ಹೇಳ್ತೆ. ಅಪ್ಸರಕೊಂಡಕ್ಕೂ ಹೋಗಿ ಹೇಳ್ತೆ. ನೀ ವಾಪಸು ಬಾರೆ ಮಾರಾಯ್ತಿ."

"ಹೇಳು, ಎಲ್ಲಾ ಕಡೆ ಹೇಳು, ಅದು ನಿನ್ನ ಕೆಲ್ಸ" ಅಂದಳು. "ಆದ್ರೆ ನಾ ಬರೂದಿಲ್ಲ. ಸಿಟ್ಟಿಂದ ಅಲ್ಲ. ಈಗ ನಂಗೆ ನಿನ್ನ ಮೇಲೆ ಸಂಶಯ ಮಾದೇವಿ. ನೀ ಒಳ್ಳೇ ಮಾತು ಆಡಿದ್ರೂ ಹಿಂದೆ ಎಂತ ಇದೆ ಅಂತ ನೋಡ್ತೆ. ಆ ಚಾಳಿ ನಂಗೆ ಇರ್ಲಿಲ್ಲ, ಈಗ ಅಂಟಿದೆ. ಅದನ್ನ ಹೊತ್ಕೊಂಡು ದಿನಾ ನಿನ್ನ ಪಕ್ಕ ಕೂರೂಕೆ ನನ್ನಿಂದಾಗ."

ಸೆರಗು ಸಿಕ್ಕಿಸಿ ಅವಳ ಪಕ್ಕದ ಚಾಪೆಗೆ ಬಗ್ಗಿದೆ. ಅವಳು ಬೇಡ ಅನ್ನಲಿಲ್ಲ. ಒಂದು ಸಾಲು ತಾರ್ಲೆ ಮಗುಚಿ ಹಾಕಿ ಮುಂದಿನ ಸಾಲಿಗೆ ಹೋದೆ. ತಿರುಗಿ ನೋಡಿದರೆ ಯಶೋದೆ ನಾನು ಮಗುಚಿದ ಸಾಲಿನ ಮೇಲೆ ಬಾಗಿ, ಒಂದೊಂದನ್ನೇ ಎತ್ತಿ ಅಡಿ ನೋಡಿ ಇಡುತ್ತಾ ಬರುತ್ತಿದ್ದಳು.